ಶ್ವಾಸಕೋಶದ ಬಿಪಿ ಮತ್ತು ಪೊಟ್ಯಾಸಿಯಂ ತೂಬು

"ತೋಳಿನಲ್ಲಿ ಬಿಪಿ ನಾರ್ಮಲ್, ಶ್ವಾಸಕೋಶದಲ್ಲಿ ಜಾಸ್ತಿ ಅಂತಾರೆ ಡಾಕ್ಟರು. ಒಂದೇ ಮೈಯಲ್ಲಿ ಎರಡು ಬಿಪಿ ಇರುತ್ತಾ?" ಎಂದು ಓದುಗರೊಬ್ಬರು ಕೇಳಿದ್ದಾರೆ.

ಇರುತ್ತದೆ. ತೋಳಿಗೆ ಪಟ್ಟಿ ಸುತ್ತಿ ಅಳೆಯುವುದು ಹೃದಯದ ಎಡಭಾಗ ಇಡೀ ಮೈಗೆ ರಕ್ತ ನೂಕುವ ಒತ್ತಡವನ್ನು. ಬಲಭಾಗದ ಕೆಲಸ ಶ್ವಾಸಕೋಶಕ್ಕೆ ರಕ್ತ ಕಳಿಸುವುದಷ್ಟೇ. ಆರೋಗ್ಯವಂತರಲ್ಲಿ ಅಲ್ಲಿನ ಸರಾಸರಿ ಒತ್ತಡ ಪಾದರಸದ 14 ಮಿಲಿಮೀಟರ್ ಆಸುಪಾಸು. 20 ದಾಟಿದರೆ ಅದು ಪಲ್ಮನರಿ ಹೈಪರ್‌ಟೆನ್ಷನ್. ಬಲ ಹೃದಯದ ಗೋಡೆ ತೆಳು. ಹೆಚ್ಚಿದ ಒತ್ತಡದೆದುರು ದುಡಿದು ದುಡಿದು ಅದು ಸೋಲುತ್ತದೆ. ಈ ಕಾಯಿಲೆಗೆ ಕಾರಣಗಳು ಹಲವು. ಶ್ವಾಸಕೋಶದ ಅಪಧಮನಿಗಳೇ ಕಿರಿದಾಗುವ ಅಪರೂಪದ ಬಗೆಯೊಂದಿದೆ, ಹೆಂಗಸರಲ್ಲಿ ಹೆಚ್ಚು. ಅದರ ಬೇರು ಹುಡುಕಿದವರ ಕಥೆ ನನಗೆ ಬಹಳ ಇಷ್ಟ.

1946ರಲ್ಲಿ ಸ್ವೀಡನ್ನಿನ ಉಲ್ಫ್ ಫಾನ್ ಯೂಲರ್ ಮತ್ತು ಯೋರಾನ್ ಲಿಲ್ಯೆಸ್ಟ್ರಾಂಡ್ ಬೆಕ್ಕುಗಳಿಗೆ ಆಮ್ಲಜನಕ ಕಡಿಮೆಯಿರುವ ಗಾಳಿ ಉಸಿರಾಡಿಸಿದರು. ಶ್ವಾಸಕೋಶದ ಅಪಧಮನಿಯ ಒತ್ತಡ ಏರಿತು. ಮೈಯ ಉಳಿದೆಡೆ ಆಮ್ಲಜನಕ ಕಡಿಮೆಯಾದರೆ ರಕ್ತನಾಳ ಹಿಗ್ಗುತ್ತದೆ, ಇಲ್ಲಿ ಮಾತ್ರ ಕುಗ್ಗುತ್ತದೆ. ಗಾಳಿಯಾಡದ ಮೂಲೆಗೆ ರಕ್ತ ಕಳಿಸಿ ಪ್ರಯೋಜನವಿಲ್ಲವಲ್ಲ! ಆದರೆ ಆಮ್ಲಜನಕ ಕಡಿಮೆಯಾದದ್ದು ನಾಳಕ್ಕೆ ತಿಳಿಯುವುದು ಹೇಗೆ?

ಉತ್ತರದ ಎಳೆ ಸಿಗಲು ಸುಮಾರು ಅರ್ಧ ಶತಮಾನ ಹಿಡಿಯಿತು. ಜೀವಕೋಶದ ಪೊರೆಯಲ್ಲಿರುವ ಒಂದೊಂದೇ ಅಯಾನು ದ್ವಾರದ ವಿದ್ಯುತ್ತನ್ನು ಅಳೆಯುವ ವಿಧಾನವನ್ನು ಜರ್ಮನಿಯ ಎರ್ವಿನ್ ನೇಹರ್ ಮತ್ತು ಬರ್ಟ್ ಸಾಕ್ಮನ್ 1976ರಲ್ಲಿ ತೋರಿಸಿದ್ದರು. ಇದಕ್ಕಾಗಿ 1991ರಲ್ಲಿ ಅವರಿಗೆ ನೊಬೆಲ್ ಬಂತು. ಅದೇ ಬಗೆಯ ಅಳತೆಯಿಂದ ಅಮೆರಿಕದ ಕೆನೆತ್ ವೀರ್, ಸ್ಟೀಫನ್ ಆರ್ಚರ್ ಮತ್ತು ಸಂಗಡಿಗರು 1992ರಲ್ಲಿ ಕಾರಣ ಹಿಡಿದರು. ಆಮ್ಲಜನಕ ಕಡಿಮೆಯಾದಾಗ ಶ್ವಾಸಕೋಶದ ಅಪಧಮನಿಯ ಸ್ನಾಯುಕೋಶಗಳಲ್ಲಿ ಪೊಟ್ಯಾಸಿಯಂ ದ್ವಾರಗಳು ಮುಚ್ಚಿಕೊಳ್ಳುತ್ತವೆ.

ನಮ್ಮ ಕೆರೆಗಳ ತೂಬು ಮತ್ತು ಕೋಡಿಯನ್ನು ನೆನೆದರೆ ಮುಂದಿನದು ಸುಲಭ. ತೂಬಿನಿಂದ ನೀರು ಹೊರಹೋಗುತ್ತಿರುವಷ್ಟು ಕಾಲ ಕೆರೆಯ ಮಟ್ಟ ತಗ್ಗಿನಲ್ಲಿರುತ್ತದೆ. ಸ್ನಾಯುಕೋಶದ ಒಳಗೆ ಪೊಟ್ಯಾಸಿಯಂ ಹೊರಗಿಗಿಂತ ಸುಮಾರು 30 ಪಟ್ಟು ಹೆಚ್ಚು. ಧನವಿದ್ಯುತ್ತಿನ ಈ ಅಯಾನು ತೆರೆದ ದ್ವಾರದಿಂದ ಸೋರುತ್ತಿದ್ದರೆ ಕೋಶದ ವಿದ್ಯುತ್ ಮಟ್ಟ ತಗ್ಗಿಯೇ ಇರುತ್ತದೆ, ಸ್ನಾಯು ಸಡಿಲವಾಗಿರುತ್ತದೆ. ತೂಬು ಕಟ್ಟಿಕೊಂಡರೆ ಮಟ್ಟ ಏರುತ್ತದೆ, ಏರಿ ಕೋಡಿ ಬೀಳುತ್ತದೆ. ಕೋಶದಲ್ಲಿ ಆ ಕೋಡಿ ಕ್ಯಾಲ್ಸಿಯಂ ದ್ವಾರ. ವಿದ್ಯುತ್ ಮಟ್ಟ ಒಂದು ಹದ ಮೀರಿದ ಕೂಡಲೇ ಅದು ತೆರೆದು ಹೊರಗಿನ ಕ್ಯಾಲ್ಸಿಯಂ ಒಳನುಗ್ಗುತ್ತದೆ, ಸ್ನಾಯು ಬಿಗಿಯುತ್ತದೆ, ನಾಳ ಕಿರಿದಾಗುತ್ತದೆ. ತೂಬು ವರ್ಷಗಟ್ಟಲೆ ಕಟ್ಟಿಕೊಂಡೇ ಇದ್ದರೆ? ಒಳಗೆ ಉಳಿದ ಪೊಟ್ಯಾಸಿಯಂ, ಹಳೆಯ ಕೋಶಗಳು ಕಾಲಕ್ಕೆ ಸರಿಯಾಗಿ ಸಾಯುವುದನ್ನೂ ತಡೆಯುತ್ತದೆ. ಗೋಡೆ ದಪ್ಪವಾಗುತ್ತ ಹೋಗುತ್ತದೆ.

ಇದು ಬರಿಯ ಪ್ರಯೋಗಶಾಲೆಯ ಮಾತಲ್ಲ ಎಂಬುದಕ್ಕೆ ಸಾಕ್ಷಿ ಒದಗಿದ್ದು ತೂಕ ಇಳಿಸುವ ಮಾತ್ರೆಗಳಿಂದ. 1965ರಲ್ಲಿ ಸ್ವಿಟ್ಜರ್ಲೆಂಡ್, ಆಸ್ಟ್ರಿಯಾ, ಪಶ್ಚಿಮ ಜರ್ಮನಿಗಳಲ್ಲಿ ಅಮಿನೋರೆಕ್ಸ್ ಎಂಬ ಹಸಿವು ಕುಗ್ಗಿಸುವ ಔಷಧ ಮಾರುಕಟ್ಟೆಗೆ ಬಂತು. ಸ್ವಲ್ಪ ಕಾಲದಲ್ಲೇ ಆ ದೇಶಗಳಲ್ಲಿ ಈ ಅಪರೂಪದ ಕಾಯಿಲೆ ಹಲವು ಪಟ್ಟು ಹೆಚ್ಚಿತು. 1968ರಲ್ಲಿ ಔಷಧವನ್ನು ಹಿಂತೆಗೆದರು. ಅಷ್ಟರಲ್ಲಿ ಹೋಗಬೇಕಾದ ಜೀವಗಳು ಹೋಗಿದ್ದವು. ಅಮಿನೋರೆಕ್ಸ್, ಅದರಂತೆಯೇ ಹಸಿವು ಕುಗ್ಗಿಸುವ ಫೆನ್‌ಫ್ಲುರಮೈನ್, ಡೆಕ್ಸ್‌ಫೆನ್‌ಫ್ಲುರಮೈನ್ ಮೂರೂ ಇಲಿಯ ಶ್ವಾಸಕೋಶದ ಸ್ನಾಯುಕೋಶಗಳಲ್ಲಿ ಇದೇ ಪೊಟ್ಯಾಸಿಯಂ ತೂಬನ್ನು ಮುಚ್ಚುತ್ತವೆ ಎಂದು ವೀರ್ ತಂಡ 1996ರಲ್ಲಿ ತೋರಿಸಿತು. ಅದೇ ವರ್ಷ ಅಮೆರಿಕ ಡೆಕ್ಸ್‌ಫೆನ್‌ಫ್ಲುರಮೈನ್‌ಗೆ ಅನುಮತಿ ಕೊಟ್ಟಿತ್ತು ಎಂಬುದನ್ನು ನೆನೆದರೆ ಇಂದಿಗೂ ಸಂಕಟವಾಗುತ್ತದೆ. 1997ರಲ್ಲಿ ಅದನ್ನೂ ಹಿಂತೆಗೆದರು, ಮುಖ್ಯವಾಗಿ ಹೃದಯದ ಕವಾಟಗಳಿಗೆ ಹಾನಿ ಕಂಡುಬಂದದ್ದರಿಂದ.

1998ರಲ್ಲಿ ಜೇಸನ್ ಯುವಾನ್ ಮತ್ತು ಸಂಗಡಿಗರು ರೋಗಿಗಳ ಕೋಶಗಳಲ್ಲೇ ಈ ದ್ವಾರಗಳು ಸೊರಗಿರುವುದನ್ನು ಕಂಡರು. ದ್ವಾರ ಕೆಟ್ಟದ್ದರಿಂದ ರೋಗವೋ, ರೋಗದಿಂದ ದ್ವಾರ ಕೆಟ್ಟಿತೋ? 2013ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ವೆಂಡಿ ಚಂಗ್ ತಂಡ, ಕೆಲವು ರೋಗಿಗಳಲ್ಲಿ ಕೆಸಿಎನ್‌ಕೆ3 ಎಂಬ ಜೀನ್ ಕೆಟ್ಟಿರುವುದನ್ನು ಗುರುತಿಸಿತು. ಆ ಜೀನ್ ಕಟ್ಟುವುದೂ ಒಂದು ಪೊಟ್ಯಾಸಿಯಂ ದ್ವಾರವನ್ನೇ. ಅವರ ಮಟ್ಟಿಗಾದರೂ ಕಾರಣ ಯಾವುದೆಂಬ ಅನುಮಾನ ಬಗೆಹರಿಯಿತು.

ಇಷ್ಟಾದರೂ ಈ ತೂಬನ್ನು ನೇರವಾಗಿ ತೆರೆದು ಕಾಯಿಲೆ ವಾಸಿಮಾಡುವ ಮಾತ್ರೆ ವೈದ್ಯರ ಕೈಗೆ ಬಂದಿಲ್ಲ. ಇಲಿಯಲ್ಲಿ ಗೆದ್ದದ್ದನ್ನೇ ಮದ್ದು ಸಿಕ್ಕಿತೆಂದು ಬರೆಯುವ ಸುದ್ದಿಗಳನ್ನು ನಂಬಬೇಡಿ. ಸಿಲ್ಡೆನಾಫಿಲ್, ಬೊಸೆಂಟಾನ್, 2024ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಸೊಟಾಟರ್ಸೆಪ್ಟ್ ಇವೆಲ್ಲ ಬೇರೆ ದಾರಿಯವು. ಕ್ಯಾಲ್ಸಿಯಂ ದ್ವಾರ ಮುಚ್ಚುವ ಔಷಧಗಳು ಪರೀಕ್ಷೆಯಲ್ಲಿ ಸ್ಪಂದಿಸಿದ ಕೆಲವೇ ರೋಗಿಗಳಿಗೆ ಒಗ್ಗುತ್ತವೆ. ಬಾಳೆಹಣ್ಣು, ಎಳನೀರಿನ ಪೊಟ್ಯಾಸಿಯಂನಿಂದ ಈ ದ್ವಾರ ತೆರೆಯುವುದಿಲ್ಲ, ಆ ಪ್ರಯೋಗಕ್ಕೆ ಕೈಹಾಕಬೇಡಿ.

ಎರಡು ಮೆಟ್ಟಿಲು ಹತ್ತುವಷ್ಟರಲ್ಲಿ ಏದುಸಿರು, ತಲೆಸುತ್ತು, ಕಾಲಿನ ಊತ ಇದ್ದರೆ ವಯಸ್ಸಾಯಿತು, ರಕ್ತ ಕಮ್ಮಿ ಎಂದು ತಳ್ಳಿಹಾಕದೆ ಎಕೋ ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಿ. ಮೊದಲ ಸುಳಿವು ಅದರಲ್ಲಿ ಸಿಗುತ್ತದೆ, ಖಚಿತವಾಗುವುದು ಬಲ ಹೃದಯಕ್ಕೆ ಕ್ಯಾತಿಟರ್ ಹಾಕಿ ಅಳೆದಾಗ. ತೂಕ ಇಳಿಸುವ ಮಾತ್ರೆಯನ್ನು ಎಂದಾದರೂ ನುಂಗಿದ್ದರೆ ಅದನ್ನೂ ಮುಚ್ಚಿಡದೆ ಹೇಳಿ.