ಬೆಳಗಿನ ಜಾವ ಕೆರೆ ದಂಡೆಗೆ ಹೋಗಿ ನೋಡಿ: ಮೀನಿನ ಆರೋಗ್ಯ ನೀರಿನಲ್ಲಿದೆ



ನಮ್ಮ ಕೆಲವು ಸಂಘಗಳು ಕೋಳಿ, ಆಡು, ಹೈನುಗಾರಿಕೆಯ ಜೊತೆಗೆ ಈಗ ಮೀನು ಸಾಕಣೆಗೂ ಕೈ ಹಾಕಿವೆ. ಕೆಲವರು ಕೃಷಿ ಹೊಂಡದಲ್ಲಿ, ಕೆಲವರು ಪಂಚಾಯಿತಿಯಿಂದ ಗುತ್ತಿಗೆಗೆ ಪಡೆದ ಸಣ್ಣ ಕೆರೆಯಲ್ಲಿ ಕಾಟ್ಲಾ, ರೋಹು, ಮೃಗಾಲ್, ಸಾಮಾನ್ಯ ಗೆಂಡೆ ಬಿಟ್ಟಿದ್ದಾರೆ. ಇದು ಸಂತೋಷದ ವಿಷಯ. ಆದರೆ ಒಂದು ಮಾತು. ಹಸುವಿಗೆ ಹುಷಾರಿಲ್ಲದಿದ್ದರೆ ನಮಗೆ ಕೂಡಲೇ ಗೊತ್ತಾಗುತ್ತದೆ. ಮೇವು ಬಿಡುತ್ತದೆ, ಹಾಲು ಕಡಿಮೆ ಆಗುತ್ತದೆ. ಕೋಳಿಗೆ ರೋಗ ಬಂದರೆ ಮೂಲೆಯಲ್ಲಿ ತೂಕಡಿಸುತ್ತಾ ನಿಲ್ಲುತ್ತದೆ. ಮೀನು ಮಾತ್ರ ನೀರಿನೊಳಗಿದೆ, ನಮ್ಮ ಕಣ್ಣಿಗೆ ಬೀಳುವುದಿಲ್ಲ. ಸತ್ತು ತೇಲಿದ ಮೇಲೆ ನೋಡುತ್ತೇವೆ. ಆಗ ಮಾಡುವುದಕ್ಕೆ ಏನೂ ಉಳಿದಿರುವುದಿಲ್ಲ.

ಇದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ, ನಮ್ಮದೇ ಒಂದು ಸಂಘಕ್ಕೆ ಆದ ನಷ್ಟದಿಂದ. ಅದರಲ್ಲಿ ನನ್ನ ತಪ್ಪೂ ಇತ್ತು. ಅದಕ್ಕೇ ಬರೆಯುತ್ತಿದ್ದೇನೆ.

ನಡೆದದ್ದು ಏನು?

ಹದಿನೈದು ಮಂದಿ ಸದಸ್ಯೆಯರ ಸಂಘ ಅದು. ಸುಮಾರು ಒಂದು ಎಕರೆಯ ಕೆರೆ. ಉಳಿತಾಯದ ಹಣ ಸ್ವಲ್ಪ, ಬ್ಯಾಂಕ್ ಸಾಲ ಸ್ವಲ್ಪ ಸೇರಿಸಿ ಮೀನುಮರಿ ಬಿಟ್ಟಿದ್ದರು. ಮರಿಗಳು ಚೆನ್ನಾಗಿ ಬೆಳೆದು ಮುಕ್ಕಾಲು ಕೆ.ಜಿ. ಆಗಿದ್ದವು. ನಾನು ಭೇಟಿಗೆ ಹೋದಾಗ, "ಇನ್ನು ಸ್ವಲ್ಪ ಸೆಗಣಿ ಹಾಕಿ, ತಿಂಡಿ ಜಾಸ್ತಿ ಕೊಡಿ, ಬೇಗ ಒಂದು ಕೆ.ಜಿ. ದಾಟಲಿ" ಎಂದು ಹೇಳಿ ಬಂದೆ. ಅವರು ನನ್ನ ಮಾತು ಕೇಳಿದರು. ಮಳೆಗಾಲದ ದಿನಗಳು, ನಾಲ್ಕೈದು ದಿನ ಬಿಸಿಲೇ ಇಲ್ಲ, ಮೋಡ ಮುಚ್ಚಿಕೊಂಡಿತ್ತು.

ಬಟ್ಟೆ ಒಗೆಯಲು ನಸುಕಿನಲ್ಲೇ ಹೋದ ಹಿರಿಯ ಸದಸ್ಯೆ ಒಬ್ಬರು, ಮೀನುಗಳು ನೀರಿನ ಮೇಲೆ ಬಂದು ಬಾಯಿ ತೆರೆದು ಮುಚ್ಚುವುದನ್ನು ಕಂಡರು. "ಮೀನು ಆಡ್ತಾ ಇವೆ" ಎಂದುಕೊಂಡು ಮನೆಗೆ ಬಂದರು. ಮರುದಿನವೂ ಹಾಗೇ. ಮೂರನೇ ದಿನ ಬೆಳಿಗ್ಗೆ ಕೆರೆ ತುಂಬಾ ಬಿಳಿ ಹೊಟ್ಟೆ ಮೇಲೆ ಮಾಡಿ ದೊಡ್ಡ ಮೀನುಗಳು ತೇಲುತ್ತಿದ್ದವು.

ಊರಲ್ಲಿ ಗುಲ್ಲೆದ್ದಿತು. ಯಾರೋ ವಿಷ ಹಾಕಿದ್ದಾರೆ ಎಂದರು. ಪಕ್ಕದ ಗದ್ದೆಯವರ ಮೇಲೆ ಸಂಶಯ ಹೋಯಿತು. ಜಗಳ ಠಾಣೆಯ ಬಾಗಿಲಿನವರೆಗೂ ಹೋಯಿತು. ಸಂಘದೊಳಗೇ ಎರಡು ಪಂಗಡ ಆಯಿತು. ಮೀನುಗಾರಿಕೆ ಇಲಾಖೆಯ ಅಧಿಕಾರಿ ಬಂದು ನೋಡಿ ಒಂದೇ ಪ್ರಶ್ನೆ ಕೇಳಿದರು: "ಸಣ್ಣ ಮೀನುಗಳು ಸತ್ತಿವೆಯಾ?" ಇಲ್ಲ, ಸಣ್ಣವು ಓಡಾಡುತ್ತಿದ್ದವು. "ವಿಷ ಬಿದ್ದಿದ್ದರೆ ಸಣ್ಣ ಮೀನುಗಳು ಉಳಿಯುತ್ತಿರಲಿಲ್ಲಮ್ಮ. ಇವು ಉಸಿರು ಕಟ್ಟಿ ಸತ್ತಿವೆ" ಎಂದರು. ದೊಡ್ಡ ಮೀನಿಗೆ ಬೇಕಾಗುವ ಆಮ್ಲಜನಕ ಹೆಚ್ಚು, ಆದ್ದರಿಂದ ಅವು ಮೊದಲು ಸಾಯುತ್ತವೆ.

ಪಕ್ಕದ ಗದ್ದೆಯವರು ನಿರಪರಾಧಿ. ನಾನು ಹಾಕಿಸಿದ ಸೆಗಣಿಯೇ ಕಾರಣ. ಸಭೆ ಕರೆದು ಎಲ್ಲರ ಮುಂದೆ ಅದನ್ನು ಹೇಳಿದೆ. ಸಾಲ ತೀರಿಸಲು ಆ ಸಂಘಕ್ಕೆ ಬಹಳ ದಿನ ಬೇಕಾಯಿತು. ನೆರೆಯವರ ಜೊತೆ ಮಾತು ಸರಿಹೋಗಲು ಅದಕ್ಕಿಂತಲೂ ಹೆಚ್ಚು ದಿನ ಹಿಡಿಯಿತು.

ನೀರಿಗೂ ಉಸಿರಿದೆ

ಮೀನು ಕಿವಿರುಗಳ ಮೂಲಕ ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಎಳೆದುಕೊಳ್ಳುತ್ತದೆ. ಈ ಆಮ್ಲಜನಕ ಬರುವುದು ಎಲ್ಲಿಂದ? ಸ್ವಲ್ಪ ಗಾಳಿಯಿಂದ. ಹಗಲಿನಲ್ಲಿ ಹೆಚ್ಚಿನ ಪಾಲು ನೀರಿನಲ್ಲಿರುವ ಹಸಿರು ಪಾಚಿಯಿಂದ. ಬಿಸಿಲಿದ್ದಾಗ ಪಾಚಿ ಆಮ್ಲಜನಕ ಬಿಡುತ್ತದೆ. ರಾತ್ರಿಯಲ್ಲಿ ಬಿಡುವುದಿಲ್ಲ, ಬದಲಿಗೆ ಮೀನಿನ ಹಾಗೆ ತಾನೂ ಉಸಿರಾಡುತ್ತದೆ. ಕೆಳಗೆ ಕೊಳೆಯುತ್ತಿರುವ ಸೆಗಣಿ, ಉಳಿದ ತಿಂಡಿ ಇವೂ ಆಮ್ಲಜನಕ ತಿನ್ನುತ್ತವೆ. ಆದ್ದರಿಂದ ಸೂರ್ಯ ಹುಟ್ಟುವ ಸ್ವಲ್ಪ ಮುಂಚೆ ಕೆರೆಯಲ್ಲಿ ಆಮ್ಲಜನಕ ಅತಿ ಕಡಿಮೆ ಇರುತ್ತದೆ. ಮೋಡದ ದಿನಗಳಲ್ಲಿ ಹಗಲಿನ ಗಳಿಕೆಯೂ ಇಲ್ಲ, ರಾತ್ರಿಯ ಖರ್ಚು ಮಾತ್ರ ಹಾಗೇ ಇದೆ. ನಮ್ಮ ಸಂಘದ ಲೆಕ್ಕದ ಹಾಗೇ ಅಲ್ವಾ? ಉಳಿತಾಯ ಇಲ್ಲದೆ ಖರ್ಚು ಮಾತ್ರ ಆದರೆ ಒಂದು ದಿನ ಪೆಟ್ಟಿಗೆ ಖಾಲಿ.

ಒಂದು ತರಬೇತಿಯಲ್ಲಿ ಒಬ್ಬ ಸಹೋದರಿ ಕೇಳಿದರು: "ಸಿಸ್ಟರ್, ಹಿಮಾಚಲದಲ್ಲಿ, ಕಾಶ್ಮೀರದಲ್ಲಿ ಟ್ರೌಟ್ ಮೀನು ಸಾಕ್ತಾರಂತೆ, ಒಳ್ಳೇ ರೇಟು ಬರ್ತದಂತೆ. ನಾವೂ ಸಾಕಬಹುದಾ?" ಒಳ್ಳೆಯ ಪ್ರಶ್ನೆ. ಟ್ರೌಟ್ ಬೆಟ್ಟದ ತೊರೆಯ ತಣ್ಣನೆಯ, ಸದಾ ಹರಿಯುವ ನೀರಿನ ಮೀನು. ತಣ್ಣೀರಿನಲ್ಲಿ ಆಮ್ಲಜನಕ ಹೆಚ್ಚು ಕರಗುತ್ತದೆ. 10 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಲೀಟರಿಗೆ ಸುಮಾರು 11 ಮಿಲಿಗ್ರಾಂ ಕರಗಬಹುದು, 30 ಡಿಗ್ರಿ ನೀರಿನಲ್ಲಿ ಸುಮಾರು ಏಳೂವರೆ ಮಾತ್ರ. ನಮ್ಮ ಕೆರೆಗಳ ಬೆಚ್ಚನೆಯ ನಿಂತ ನೀರಿನಲ್ಲಿ ಟ್ರೌಟ್ ಬದುಕುವುದಿಲ್ಲ. ನಮ್ಮ ಗೆಂಡೆ ಮೀನುಗಳು ಗಟ್ಟಿ, ತಡೆದುಕೊಳ್ಳುತ್ತವೆ. ಆದರೂ ಲೀಟರಿಗೆ 5 ಮಿಲಿಗ್ರಾಂ ಇದ್ದರೆ ಅವುಗಳಿಗೂ ನೆಮ್ಮದಿ. ಅಲ್ಲಿಯ ಟ್ರೌಟ್ ಇರಲಿ, ಇಲ್ಲಿಯ ರೋಹು ಇರಲಿ, ಪಾಠ ಒಂದೇ: ಮೊದಲು ನೀರು ನೋಡಬೇಕು, ಆಮೇಲೆ ಔಷಧಿ.

ಏಕೆಂದರೆ ರೋಗಾಣುಗಳು ಕೆರೆಯಲ್ಲಿ ಯಾವಾಗಲೂ ಇರುತ್ತವೆ. ನೀರು ಚೆನ್ನಾಗಿದ್ದು ಮೀನು ಗಟ್ಟಿಯಾಗಿದ್ದರೆ ಹೆಚ್ಚಿನವು ಏನೂ ಮಾಡಲಾರವು. ನೀರು ಕೆಟ್ಟು, ಮೀನು ಕಿಕ್ಕಿರಿದು, ಮೈಗೆ ಗಾಯವಾದಾಗ ಅವು ಒಳಗೆ ನುಗ್ಗುತ್ತವೆ.

ನಾವು ಗುರುತಿಸಬೇಕಾದ ರೋಗಗಳು

1. ಹುಣ್ಣು ರೋಗ. ಮೈಮೇಲೆ ಮೊದಲು ಕೆಂಪು ಚುಕ್ಕೆ, ನಂತರ ಆಳವಾದ ಹುಣ್ಣು ಆಗುತ್ತದೆ. ಅಧಿಕಾರಿಗಳು ಇದನ್ನು ಇ.ಯು.ಎಸ್. ಎನ್ನುತ್ತಾರೆ. ಬೂಷ್ಟಿನಂತಹ ಒಂದು ಸೂಕ್ಷ್ಮ ಜೀವಿಯಿಂದ ಬರುತ್ತದೆ. ನಮ್ಮ ದೇಶಕ್ಕೆ ಇದು ಬಂದದ್ದು 1988ರಲ್ಲಿ, ಈಶಾನ್ಯ ರಾಜ್ಯಗಳ ಕಡೆಯಿಂದ. ಮಳೆಗಾಲ ಮುಗಿದು ಚಳಿ ಶುರುವಾಗುವಾಗ ಹೆಚ್ಚು. ಕೊರವ ಮೀನಿನಂತಹ ಕಾಡು ಮೀನುಗಳಿಗೆ ಬೇಗ ತಗಲುತ್ತದೆ, ಅವುಗಳಿಂದ ನಮ್ಮ ಮೀನಿಗೂ ಬರುತ್ತದೆ. ಸುಣ್ಣ ಕಡಿಮೆ ಇರುವ ನೀರಿನಲ್ಲಿ ಜೋರಾಗುತ್ತದೆ. ಭುವನೇಶ್ವರದ ಕೇಂದ್ರೀಯ ಸಿಹಿನೀರು ಜಲಕೃಷಿ ಸಂಸ್ಥೆ ಇದಕ್ಕೆ 'ಸಿಫಾಕ್ಸ್' ಎಂಬ ಔಷಧಿ ಕಂಡುಹಿಡಿದಿದೆ. ಒಂದು ಹೆಕ್ಟೇರ್ ವಿಸ್ತಾರ, ಒಂದು ಮೀಟರ್ ಆಳದ ನೀರಿಗೆ 1 ಲೀಟರ್ ಅಳತೆ. ಇಲಾಖೆಯವರನ್ನು ಕೇಳಿಯೇ ಹಾಕಿ.

2. ಮೀನು ಹೇನು. ಬರಿಗಣ್ಣಿಗೆ ಕಾಣುವ ಚಪ್ಪಟೆ ಹುಳು, ಮೈಗೆ ಅಂಟಿಕೊಂಡು ರಕ್ತ ಹೀರುತ್ತದೆ. ಮೀನು ಕಲ್ಲಿಗೆ, ದಂಡೆಗೆ ಮೈ ಉಜ್ಜುತ್ತದೆ, ನೀರಿನಿಂದ ಎಗರುತ್ತದೆ. ಈ ಹೇನು ಕಲ್ಲು, ಬಿದಿರಿನಂತಹ ಗಟ್ಟಿ ವಸ್ತುವಿನ ಮೇಲೆ ಮೊಟ್ಟೆ ಇಡುತ್ತದೆ. ಅದರ ಅಭ್ಯಾಸವನ್ನೇ ನಾವು ಉಪಯೋಗಿಸಬಹುದು. ಅಲ್ಲಲ್ಲಿ ಬಿದಿರಿನ ಗಳ ಅಥವಾ ಹಲಗೆ ಇಳಿಬಿಡಿ. ವಾರಕ್ಕೊಮ್ಮೆ ಹೊರತೆಗೆದು ಕೆರೆದು, ಚೆನ್ನಾಗಿ ಬಿಸಿಲಿಗೆ ಒಣಗಿಸಿ ಮತ್ತೆ ಬಿಡಿ. ಮೊಟ್ಟೆ ಸಾಯುತ್ತದೆ. ಖರ್ಚಿಲ್ಲ.

3. ರೆಕ್ಕೆ ಬಾಲ ಕೊಳೆಯುವುದು, ಹೊಟ್ಟೆ ಊದುವುದು. ರೆಕ್ಕೆಯ ಅಂಚು ಬೆಳ್ಳಗಾಗಿ ಹರಿದುಹೋಗುತ್ತದೆ. ಹೊಟ್ಟೆ ಊದಿದ ಮೀನಿನಲ್ಲಿ ಹುರುಪೆಗಳು ಎದ್ದು ನಿಲ್ಲುತ್ತವೆ. ಇವು ಬ್ಯಾಕ್ಟೀರಿಯಾದಿಂದ ಬರುವ ರೋಗಗಳು. ಕೊಳಕು ನೀರು ಇವಕ್ಕೆ ದಾರಿ.

4. ಹತ್ತಿಯಂತಹ ಬೂಷ್ಟು. ಬಲೆ ಎಳೆಯುವಾಗ, ಮರಿ ಸಾಗಿಸುವಾಗ ಗಾಯವಾದ ಜಾಗದಲ್ಲಿ ಬಿಳಿ ಹತ್ತಿಯಂತೆ ಬೆಳೆಯುತ್ತದೆ. ಮೀನನ್ನು ಮೆಲ್ಲಗೆ ಹಿಡಿಯಿರಿ.

ರೋಗ ಬರುವ ಮುಂಚೆ ಮಾಡಬೇಕಾದದ್ದು

ಬೇಸಿಗೆಯಲ್ಲಿ ನೀರು ಬತ್ತಿದಾಗ ಕಪ್ಪು ಕೆಸರು ತೆಗೆದು, ನೆಲ ಬಿರುಕು ಬಿಡುವವರೆಗೆ ಒಣಗಿಸಿ. ಆಮೇಲೆ ಸುಣ್ಣ ಹಾಕಿ. ಹುಳಿ ಇಲ್ಲದ ಸಾಧಾರಣ ಮಣ್ಣಿಗೆ ಎಕರೆಗೆ ಸುಮಾರು 100 ಕೆ.ಜಿ., ಅಂದರೆ ಗುಂಟೆಗೆ ಎರಡೂವರೆ ಕೆ.ಜಿ. ಹುಳಿ ಮಣ್ಣಾದರೆ ಇನ್ನೂ ಹೆಚ್ಚು ಬೇಕು. ಮಣ್ಣು ಪರೀಕ್ಷೆ ಮಾಡಿಸಿದರೆ ಸರಿಯಾದ ಲೆಕ್ಕ ಸಿಗುತ್ತದೆ.

ಮರಿ ಬಿಡುವಾಗ ಆಸೆ ಬೇಡ. ಎಕರೆಗೆ ಬೆರಳುದ್ದದ 2,000 ಮರಿ, ಅಂದರೆ ಗುಂಟೆಗೆ 50, ನಮ್ಮಂಥವರಿಗೆ ಸಾಕು. ಮರಿ ತಂದ ಪ್ಲಾಸ್ಟಿಕ್ ಚೀಲವನ್ನು ಕಾಲು ಗಂಟೆ ಕೆರೆ ನೀರಿನಲ್ಲಿ ತೇಲಿಸಿ, ಬಿಸಿ ತಂಪು ಹೊಂದಿಕೊಂಡ ಮೇಲೆ ಬಿಡಿ. ಬಿಡುವ ಮುಂಚೆ 10 ಲೀಟರ್ ನೀರಿಗೆ 200 ಗ್ರಾಂ ಉಪ್ಪು ಹಾಕಿ, ಬುಟ್ಟಿಯಲ್ಲಿ ಒಂದು ನಿಮಿಷ ಅದ್ದಿ ತೆಗೆದರೆ ಮೈಮೇಲಿನ ಹುಳುಗಳು ಬಿಡುತ್ತವೆ. ಮರಿ ಮಗುಚಿಕೊಂಡರೆ ಕೂಡಲೇ ಕೆರೆ ನೀರಿಗೆ ಬಿಡಿ.

ತಿಂಡಿಗೆ ಅಕ್ಕಿ ತೌಡು, ಶೇಂಗಾ ಹಿಂಡಿ ಸಮಪಾಲು. ಕೆರೆಯಲ್ಲಿ 100 ಕೆ.ಜಿ. ಮೀನಿದೆ ಅಂದರೆ ದಿನಕ್ಕೆ 2ರಿಂದ 3 ಕೆ.ಜಿ. ಸಾಕು. ಎರಚಬೇಡಿ, ತೂತು ಮಾಡಿದ ಚೀಲದಲ್ಲಿ ಅಥವಾ ತಟ್ಟೆಯಲ್ಲಿಟ್ಟು ಇಳಿಬಿಡಿ. ಉಳಿದರೆ ಮರುದಿನ ಕಡಿಮೆ ಮಾಡಿ. ತಿಂಡಿ ಉಳಿಯಿತು ಎಂದರೆ ಮೀನಿಗೆ ಹುಷಾರಿಲ್ಲ ಎಂಬ ಮೊದಲ ಸುದ್ದಿ.

ಸೆಗಣಿ ಹಾಕಬೇಕೋ ಬೇಡವೋ ಎಂದು ಕೈ ಹೇಳುತ್ತದೆ. ಬಿಸಿಲಿನಲ್ಲಿ ತಿಳಿಹಸಿರು ನೀರಿಗೆ ಮೊಣಕೈವರೆಗೆ ಕೈ ಇಳಿಸಿ. ಅಂಗೈ ಸ್ಪಷ್ಟವಾಗಿ ಕಂಡರೆ ಸ್ವಲ್ಪ ಗೊಬ್ಬರ ಹಾಕಬಹುದು. ಮೊಣಕೈ ಮುಳುಗುವ ಮೊದಲೇ ಅಂಗೈ ಕಾಣದಾದರೆ ಗೊಬ್ಬರ ಪೂರ್ತಿ ನಿಲ್ಲಿಸಿ. ಮೋಡದ ದಿನಗಳಲ್ಲಿ ಸೆಗಣಿ ಬೇಡವೇ ಬೇಡ. ನಾನು ಮಾಡಿದ ತಪ್ಪನ್ನು ನೀವು ಮಾಡಬೇಡಿ.

ಬೇರೆ ಕೆರೆಯ ಬಲೆ ತಂದರೆ ತೊಳೆದು, ಚೆನ್ನಾಗಿ ಬಿಸಿಲಿಗೆ ಒಣಗಿಸದೆ ನೀರಿಗೆ ಇಳಿಸಬೇಡಿ. ರೋಗ ಒಂದು ಕೆರೆಯಿಂದ ಇನ್ನೊಂದು ಕೆರೆಗೆ ಬಲೆಯಲ್ಲೇ ಪ್ರಯಾಣ ಮಾಡುತ್ತದೆ.

ಮೀನು ಬಾಯಿ ತೆರೆದು ಮೇಲೆ ಬಂದರೆ

ಅದು ಆಟವಲ್ಲ, ಉಸಿರಿಗಾಗಿ ಒದ್ದಾಟ. ಕೂಡಲೇ ತಿಂಡಿ, ಗೊಬ್ಬರ ನಿಲ್ಲಿಸಿ. ಪಂಪ್ ಇದ್ದರೆ ಕೆರೆಯ ನೀರನ್ನೇ ಎತ್ತಿ ಮೇಲಿನಿಂದ ಚಿಮ್ಮಿಸಿ. ಪಂಪ್ ಇಲ್ಲದಿದ್ದರೆ ನಾಲ್ಕು ಮಂದಿ ಬಿದಿರಿನಿಂದ ನೀರಿನ ಮೇಲ್ಭಾಗ ಬಡಿಯಿರಿ, ಕೆಳಗಿನ ಕೆಸರು ಕದಡಬೇಡಿ. ಹೊಸ ನೀರು ಬಿಟ್ಟರೆ ಒಳ್ಳೆಯದು. ಬೋರ್‌ವೆಲ್ ನೀರಿನಲ್ಲಿ ಆಮ್ಲಜನಕ ಕಡಿಮೆ, ಅದನ್ನು ಎತ್ತರದಿಂದ ಹಲಗೆಯ ಮೇಲೆ ಬಡಿದು ಬೀಳುವಂತೆ ಬಿಡಿ. ಬಿಸಿಲು ಚೆನ್ನಾಗಿ ಬರುವವರೆಗೂ ಬಿಡದೆ ಮಾಡಿ.

ರೋಗದ ಗುರುತು ಕಂಡರೆ ಅಂಗಡಿಗೆ ಓಡಬೇಡಿ. ಮನುಷ್ಯರ ಮಾತ್ರೆ, ದನದ ಇಂಜೆಕ್ಷನ್ ಔಷಧಿ ಕೆರೆಗೆ ಸುರಿದವರೂ ಇದ್ದಾರೆ. ಕ್ಲೋರಾಂಫೆನಿಕಾಲ್, ನೈಟ್ರೋಫ್ಯುರಾನ್‌ನಂತಹ ಔಷಧಿಗಳನ್ನು ಮೀನು ಸಾಕಣೆಯಲ್ಲಿ ಬಳಸುವುದಕ್ಕೆ ನಿಷೇಧವಿದೆ. ಅದು ಮೀನಿನ ಮೂಲಕ ನಮ್ಮ ಮಕ್ಕಳ ತಟ್ಟೆಗೇ ಬರುತ್ತದೆ. ಇಲಾಖೆಯ ತಾಲ್ಲೂಕು ಕಚೇರಿಗೆ ತಿಳಿಸಿ. ರೋಗ ತಗಲಿದ, ಇನ್ನೂ ಜೀವ ಇರುವ ಮೀನನ್ನು ಅದೇ ನೀರಿನಲ್ಲಿ ಒಯ್ಯಿರಿ, ಆಗದಿದ್ದರೆ ಹೊಸದಾಗಿ ಸತ್ತದ್ದನ್ನು ಐಸ್‌ನಲ್ಲಿಟ್ಟು ಒಯ್ಯಿರಿ. ಕೊಳೆತ ಮೀನಿನಿಂದ ಯಾರಿಗೂ ಏನೂ ಗೊತ್ತಾಗುವುದಿಲ್ಲ. 2023ರಲ್ಲಿ ಕೇಂದ್ರ ಸರ್ಕಾರ 'ರಿಪೋರ್ಟ್ ಫಿಶ್ ಡಿಸೀಸ್' ಎಂಬ ಮೊಬೈಲ್ ಆಪ್ ತಂದಿದೆ. ಮಕ್ಕಳ ಸಹಾಯದಿಂದ ಫೋಟೋ ಸಮೇತ ಅದರಲ್ಲಿ ತಿಳಿಸಬಹುದು.

ಸತ್ತ ಮೀನುಗಳನ್ನು ದಂಡೆಯಲ್ಲಿ ಎಸೆಯಬೇಡಿ. ನಾಯಿ, ಕಾಗೆ ಎಳೆದಾಡುತ್ತವೆ. ಕೆರೆಯಿಂದ ದೂರ ಗುಂಡಿ ತೆಗೆದು ಸುಣ್ಣ ಹಾಕಿ ಮುಚ್ಚಿ. ಹುಣ್ಣಾದ ಮೀನನ್ನು ಸಂತೆಯಲ್ಲಿ ಮಾರಬೇಡಿ. ಒಂದು ದಿನದ ಹಣಕ್ಕೆ ಸಂಘದ ಹೆಸರು ಹೋಗುತ್ತದೆ.

ಸಂಘ ತೆಗೆದುಕೊಂಡ ನಿರ್ಣಯ

ಮೊದಲು ಹೇಳಿದ ಆ ಸಂಘ ಮೀನು ಸಾಕಣೆ ಬಿಡಲಿಲ್ಲ. ಮುಂದಿನ ವರ್ಷ ಮರಿ ಬಿಡುವ ಮೊದಲು ಒಂದು ನಿರ್ಣಯ ಬರೆದರು: ದಿನಕ್ಕೊಬ್ಬ ಸದಸ್ಯೆ ಸರದಿಯಂತೆ ಸೂರ್ಯ ಹುಟ್ಟುವ ಮೊದಲು ಕೆರೆ ನೋಡಬೇಕು. ಉಳಿತಾಯ ಪುಸ್ತಕದ ಹಾಗೆ ಒಂದು 'ಕೆರೆ ಪುಸ್ತಕ' ಇಟ್ಟರು. ಅದರಲ್ಲಿ ಐದೇ ಸಾಲು: ನೀರಿನ ಬಣ್ಣ, ಮೀನು ಮೇಲೆ ಬಂದಿತ್ತೇ, ಕೊಟ್ಟ ತಿಂಡಿ, ಉಳಿದ ತಿಂಡಿ, ಸತ್ತ ಮೀನು. ಬರೆಯಲು ಬಾರದವರು ಗೀಟು ಎಳೆಯುತ್ತಾರೆ. ಒಮ್ಮೆ ಮೋಡದ ದಿನ ಬೆಳಿಗ್ಗೆ ಐದೂವರೆಗೆ ಸರದಿಯಾಕೆ ಕೂಗಿದರಂತೆ, "ಬನ್ನಿ ಅಕ್ಕಾ, ಮೀನು ಬಾಯಿ ಬಿಡ್ತಾ ಇವೆ!" ಎಲ್ಲರೂ ಬಿದಿರು ಹಿಡಿದು ಓಡಿದರು. ಪಂಪ್ ತಂದುಕೊಟ್ಟವರು ಯಾರು ಗೊತ್ತಾ? ಅದೇ ಪಕ್ಕದ ಗದ್ದೆಯವರು. ಆ ದಿನ ಸತ್ತದ್ದು ಮೂರೇ ಮೀನು.

ಮುಂದಿನ ವಾರದ ಸಭೆಯಲ್ಲಿ ಇದನ್ನು ಓದಿ ಚರ್ಚಿಸಿ:

• ನಮ್ಮ ಕೆರೆಯನ್ನು ಬೆಳಗಿನ ಜಾವ ಯಾರು ನೋಡುತ್ತಾರೆ? ಸರದಿ ಪಟ್ಟಿ ಇದೆಯೇ?
• ಈ ವರ್ಷ ಸುಣ್ಣ ಹಾಕಿದ್ದೇವೆಯೇ? ಎಷ್ಟು?
• ಉಳಿದ ತಿಂಡಿಯನ್ನು ಯಾರು ಗಮನಿಸುತ್ತಾರೆ?
• ಇಲಾಖೆಯ ತಾಲ್ಲೂಕು ಕಚೇರಿಯ ಫೋನ್ ನಂಬರ್ ಸಂಘದ ಪುಸ್ತಕದಲ್ಲಿ ಬರೆದಿದೆಯೇ?

ನಾಳೆ ನಸುಕಿನಲ್ಲೇ ಒಬ್ಬರು ಹೋಗಿ ನೋಡಿ ಬನ್ನಿ. ಪುಸ್ತಕ ಅಲ್ಲಿಂದಲೇ ಶುರುವಾಗಲಿ.