ವಾರಕ್ಕೆ ಮೂವತ್ತು ಸೆಕೆಂಡು: ಅಮೆರಿಕದ ಜೇಬುಗಡಿಯಾರಗಳ ಕಥೆ

ನಿಮ್ಮ ಗಡಿಯಾರ ನಾಲ್ಕು ನಿಮಿಷ ಹಿಂದೆ ಬಿದ್ದರೆ ಏನಾಗುತ್ತದೆ? ಹೆಚ್ಚೆಂದರೆ ತರಗತಿಗೆ ತಡವಾದೀತು. ಆದರೆ 1891ರ ಏಪ್ರಿಲ್ ತಿಂಗಳಲ್ಲಿ ಅಮೆರಿಕದ ಓಹೈಯೋ ರಾಜ್ಯದ ಕಿಪ್ಟನ್ ಎಂಬಲ್ಲಿ ಎರಡು ರೈಲುಗಳು ಡಿಕ್ಕಿ ಹೊಡೆದವು. ಸತ್ತವರಲ್ಲಿ ಹೆಚ್ಚಿನವರು ರೈಲಿನಲ್ಲೇ ಕಾಗದ ವಿಂಗಡಿಸುತ್ತಿದ್ದ ಅಂಚೆ ನೌಕರರು. ರೈಲು ನಡೆಸುತ್ತಿದ್ದವರಲ್ಲೊಬ್ಬನ ಗಡಿಯಾರ ನಾಲ್ಕು ನಿಮಿಷ ನಿಂತು ಮತ್ತೆ ನಡೆದದ್ದೇ ಇದಕ್ಕೆ ಕಾರಣವೆಂದು ಹೇಳುತ್ತಾರೆ. ಆಗ ಅಲ್ಲಿ ಬಹಳಷ್ಟು ಕಡೆ ಇದ್ದದ್ದು ಒಂದೇ ಹಳಿ. ಎದುರಿನ ರೈಲಿಗೆ ದಾರಿ ಬಿಡಲು ಯಾವ ನಿಲ್ದಾಣದಲ್ಲಿ, ಎಷ್ಟು ಹೊತ್ತಿಗೆ ಪಕ್ಕದ ಹಳಿಗೆ ಸರಿಯಬೇಕೆಂಬುದನ್ನು ವೇಳಾಪಟ್ಟಿ ಮತ್ತು ಜೇಬಿನ ಗಡಿಯಾರ ನೋಡಿಯೇ ತಿಳಿಯಬೇಕಿತ್ತು.

ಬಂದೂಕು ಕಲಿಸಿದ ಪಾಠ

ಹತ್ತೊಂಬತ್ತನೆಯ ಶತಮಾನದ ನಡುವಿನವರೆಗೂ ಗಡಿಯಾರ ಎಂದರೆ ಕುಶಲಕರ್ಮಿಯ ಕೈಕೆಲಸ. ಸ್ವಿಟ್ಜರ್ಲೆಂಡಿನಲ್ಲಿ ಮನೆಮನೆಗಳಲ್ಲಿ ಒಂದೊಂದು ಭಾಗ ತಯಾರಾಗುತ್ತಿತ್ತು. ಕೊನೆಗೆ ಒಬ್ಬ ನುರಿತ ಕೆಲಸಗಾರ ಅವನ್ನೆಲ್ಲ ಉಜ್ಜಿ, ತಿದ್ದಿ ಹೊಂದಿಸುತ್ತಿದ್ದ. ಒಂದು ಗಡಿಯಾರದ ಚಕ್ರ ಇನ್ನೊಂದಕ್ಕೆ ಕೂರುತ್ತಿರಲಿಲ್ಲ.

ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಶಸ್ತ್ರಾಗಾರದಲ್ಲಿ ಬಂದೂಕುಗಳ ಬಿಡಿಭಾಗಗಳನ್ನು ಯಂತ್ರಗಳಿಂದ ಒಂದೇ ಅಳತೆಗೆ ಮಾಡುತ್ತಿದ್ದರು. ಗಡಿಯಾರವನ್ನೂ ಹೀಗೇ ಮಾಡಬಾರದೇಕೆ ಎಂದು ಯೋಚಿಸಿದವರು ಆರನ್ ಡೆನಿಸನ್. ಅವರು ಎಡ್ವರ್ಡ್ ಹೊವರ್ಡ್ ಅವರೊಡನೆ ಸೇರಿ 1850ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ರಾಕ್ಸ್‌ಬರಿಯಲ್ಲಿ ಕೆಲಸ ಆರಂಭಿಸಿದರು. 1854ರಲ್ಲಿ ಕಾರ್ಖಾನೆ ಚಾರ್ಲ್ಸ್ ನದಿಯ ದಡದ ವಾಲ್ಥಮ್ ಊರಿಗೆ ಬಂತು. ಆದರೆ ಕೂದಲಿಗಿಂತ ಸಣ್ಣ ಅಳತೆಯಲ್ಲಿ ಲೋಹ ಕೊರೆಯಬಲ್ಲ ಯಂತ್ರಗಳನ್ನು ಮೊದಲು ಕಟ್ಟಬೇಕಿತ್ತು. ಅದಕ್ಕೇ ಹಣ ಕರಗಿತು. 1857ರಲ್ಲಿ ಸಂಸ್ಥೆ ದಿವಾಳಿಯೆದ್ದಿತು.

ಕಾರ್ಖಾನೆಯನ್ನು ರಾಯಲ್ ರಾಬಿನ್ಸ್ ಎಂಬ ವ್ಯಾಪಾರಿ ಕೊಂಡರು. 1861ರಲ್ಲಿ ಅಂತರ್ಯುದ್ಧ ಶುರುವಾಯಿತು. ‘ವಿಲಿಯಂ ಎಲರಿ’ ಎಂಬ ಅಗ್ಗದ ವಾಲ್ಥಮ್ ಗಡಿಯಾರವನ್ನು ಸೈನಿಕರು ಕೊಂಡರು, ಸಂಸ್ಥೆ ಚೇತರಿಸಿಕೊಂಡಿತು. 1864ರಲ್ಲಿ ಇಲಿನಾಯ್ ರಾಜ್ಯದಲ್ಲಿ ಎಲ್ಜಿನ್ ಸಂಸ್ಥೆಯೂ ಹುಟ್ಟಿತು. 1876ರ ಫಿಲಡೆಲ್ಫಿಯಾ ವಸ್ತುಪ್ರದರ್ಶನದಲ್ಲಿ ವಾಲ್ಥಮ್‌ನವರು ತಾನೇ ತಾನಾಗಿ ತಿರುಪು ಕೊರೆಯುವ ಯಂತ್ರವನ್ನು ತೋರಿಸಿದರು. ಅದನ್ನು ನೋಡಲು ಬಂದ ಲಾಂಜೀನ್ ಸಂಸ್ಥೆಯ ಎಂಜಿನಿಯರ್ ಜಾಕ್ ದಾವೀದ್, ನಾವು ಬದಲಾಗದಿದ್ದರೆ ಉಳಿಗಾಲವಿಲ್ಲ ಎಂದು ತಮ್ಮ ದೇಶದವರಿಗೆ ವರದಿ ಬರೆದು ಎಚ್ಚರಿಸಿದರು.

ರೈಲ್ವೆಯ ಪರೀಕ್ಷೆ

ಕಿಪ್ಟನ್ ಅಪಘಾತದ ಬಳಿಕ ಕ್ಲೀವ್‌ಲೆಂಡಿನ ಗಡಿಯಾರ ವ್ಯಾಪಾರಿ ವೆಬ್ ಬಾಲ್ ಅವರಿಗೆ ರೈಲು ನೌಕರರ ಗಡಿಯಾರಗಳ ತಪಾಸಣೆಯ ಹೊಣೆ ಬಂತು. ಕ್ರಮೇಣ ನಿಯಮಗಳು ರೂಪುಗೊಂಡವು: ಸ್ಪಷ್ಟವಾದ ಅಂಕಿಗಳು, ಕನಿಷ್ಠ 17 ಮಾಣಿಕ್ಯದ ಹರಳುಗಳು, ಐದು ಭಂಗಿಗಳಲ್ಲಿ ಪರೀಕ್ಷೆ, ವಾರಕ್ಕೆ 30 ಸೆಕೆಂಡು ಮೀರದ ವ್ಯತ್ಯಾಸ.

ಲೆಕ್ಕ ಹಾಕಿ ನೋಡಿ. ವಾರಕ್ಕೆ 6,04,800 ಸೆಕೆಂಡುಗಳು. ಅದರಲ್ಲಿ 30 ಎಂದರೆ ಸುಮಾರು ಇಪ್ಪತ್ತು ಸಾವಿರಕ್ಕೆ ಒಂದು ಪಾಲು! ಸೆಕೆಂಡಿಗೆ ಐದು ಬಾರಿ ಬಡಿಯುವ ಗಡಿಯಾರ ವಾರದಲ್ಲಿ ಮೂವತ್ತು ಲಕ್ಷಕ್ಕೂ ಹೆಚ್ಚು ಬಾರಿ ಬಡಿಯಬೇಕು.

ಶಾಖವೇ ದೊಡ್ಡ ಶತ್ರು. ಬಿಸಿಯಾದಾಗ ತೂಗುಚಕ್ರದ ಉಕ್ಕಿನ ಕೂದಲೆಳೆ ಸ್ಪ್ರಿಂಗ್ ಬಿಗಿ ಕಳೆದುಕೊಳ್ಳುತ್ತದೆ, ಗಡಿಯಾರ ನಿಧಾನವಾಗುತ್ತದೆ. ಇದಕ್ಕೆ ಪರಿಹಾರವಾಗಿ ಚಕ್ರದ ಅಂಚನ್ನು ಹೊರಗೆ ಹಿತ್ತಾಳೆ, ಒಳಗೆ ಉಕ್ಕು ಬೆಸೆದು ಮಾಡಿ ಎರಡು ಕಡೆ ಕತ್ತರಿಸುತ್ತಿದ್ದರು. ಬಿಸಿಗೆ ಹಿತ್ತಾಳೆ ಹೆಚ್ಚು ಹಿಗ್ಗುವುದರಿಂದ ತುದಿಗಳು ಒಳಕ್ಕೆ ಬಾಗುತ್ತವೆ. ಕೈ ಮಡಚಿಕೊಂಡ ನರ್ತಕಿ ಬೇಗ ತಿರುಗುವಂತೆ ಚಕ್ರವೂ ಬೇಗ ತೂಗುತ್ತದೆ. ಒಂದು ತಪ್ಪನ್ನು ಇನ್ನೊಂದು ತಪ್ಪು ಸರಿದೂಗಿಸುತ್ತದೆ.

1892ರಲ್ಲಿ ಪೆನ್ಸಿಲ್ವೇನಿಯಾದ ಲ್ಯಾಂಕ್ಯಾಸ್ಟರ್‌ನಲ್ಲಿ ಆರಂಭವಾದ ಹ್ಯಾಮಿಲ್ಟನ್ ಈ ಪರೀಕ್ಷೆಯಲ್ಲೇ ಹೆಸರು ಗಳಿಸಿತು. ಇನ್ನೊಂದು ತುದಿಯಲ್ಲಿ, 1896ರ ಹೊತ್ತಿಗೆ ಇಂಗರ್‌ಸಾಲ್ ಒಂದೇ ಡಾಲರಿಗೆ ಗಡಿಯಾರ ಮಾರಿತು.

ಕಾರ್ಖಾನೆಗಳು ಏಕೆ ನಿಂತವು?

ಕ್ವಾರ್ಟ್ಜ್ ಬಂದು ಇವನ್ನು ಮುಗಿಸಿತು ಎಂದು ನೀವು ಊಹಿಸಬಹುದು. ಇಸವಿಗಳನ್ನು ಗಮನಿಸಿ. ವಾಲ್ಥಮ್ 1957ರಲ್ಲಿ ಗಡಿಯಾರ ತಯಾರಿಕೆ ನಿಲ್ಲಿಸಿತು. ಎಲ್ಜಿನ್‌ನ ಹಳೆಯ ಕಾರ್ಖಾನೆ 1964ರಲ್ಲಿ ಮುಚ್ಚಿತು. ಹ್ಯಾಮಿಲ್ಟನ್ 1969ರಲ್ಲಿ ಅಮೆರಿಕದ ತಯಾರಿಕೆ ಕೈಬಿಟ್ಟಿತು. ಮೊದಲ ಕ್ವಾರ್ಟ್ಜ್ ಕೈಗಡಿಯಾರವನ್ನು ಜಪಾನಿನ ಸೀಕೋ ಮಾರಾಟಕ್ಕೆ ತಂದದ್ದು 1969ರ ಡಿಸೆಂಬರಿನಲ್ಲಿ! ಅಷ್ಟರಲ್ಲಿ ಅಮೆರಿಕದ ಮಾರುಕಟ್ಟೆಯ ದೊಡ್ಡ ಭಾಗ ಆಮದಾದ ಸ್ವಿಸ್ ಕೈಗಡಿಯಾರಗಳ ಪಾಲಾಗಿತ್ತು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಕಾರ್ಖಾನೆಗಳು ಯುದ್ಧೋಪಕರಣ ತಯಾರಿಸುತ್ತಿದ್ದಾಗ ಅಲ್ಲಿನ ಅಂಗಡಿಗಳನ್ನು ತುಂಬಿದ್ದು ಸ್ವಿಸ್ ಸರಕು. 1876ರಲ್ಲಿ ಪಾಠ ಕಲಿತವರು ಗೆದ್ದರು, ಕಲಿಸಿದವರು ಸೋತರು.

ಸಂಗ್ರಹಿಸುವ ಹವ್ಯಾಸವಿದೆಯೇ?

ಹಾಗಾದರೆ ಮೊದಲು ಓದಬೇಕಾದ್ದು ಒಳಗಿನ ಯಂತ್ರದ ಮೇಲೆ ಕೆತ್ತಿದ ಕ್ರಮಸಂಖ್ಯೆಯನ್ನು. ಅದರಿಂದ ತಯಾರಾದ ವರ್ಷವನ್ನು ಅಂದಾಜಿಸಬಹುದು. ಹೊರಕವಚದ ಸಂಖ್ಯೆ ಬೇರೆ. ಆ ಕಾಲದಲ್ಲಿ ಗಿರಾಕಿ ಅಂಗಡಿಯಲ್ಲಿ ಯಂತ್ರವನ್ನೂ ಕವಚವನ್ನೂ ಬೇರೆ ಬೇರೆಯಾಗಿ ಆರಿಸಬಹುದಿತ್ತು. ಹೊಳೆಯುವ ಕವಚವೆಲ್ಲ ಚಿನ್ನವಲ್ಲ. ಹಲವು, ಹಿತ್ತಾಳೆಯಂಥ ಲೋಹಕ್ಕೆ ಚಿನ್ನದ ತಗಡು ಹೊದಿಸಿದವು. ಹಳೆಯ ಎಣ್ಣೆ ಗಟ್ಟಿಯಾಗಿದ್ದರೆ ಚಕ್ರದ ಮೊಳೆಗಳು ಸವೆಯುತ್ತವೆ. ಕೀ ಕೊಟ್ಟು ದಿನವೂ ಓಡಿಸುವ ಮುನ್ನ ಬಲ್ಲವರಿಂದ ಶುಚಿ ಮಾಡಿಸಿ.

ಒಂದು ಎಚ್ಚರಿಕೆ: ಕತ್ತಲಲ್ಲಿ ಹೊಳೆಯಲೆಂದು ಬಣ್ಣ ಬಳಿದ ಹಳೆಯ ಗಡಿಯಾರಗಳನ್ನು ನೀವಾಗಿ ಬಿಚ್ಚಬೇಡಿ. ಆ ಬಣ್ಣದಲ್ಲಿ ರೇಡಿಯಂ ಇರಬಹುದು. ಹೊಳಪು ಎಂದೋ ಸತ್ತಿದ್ದರೂ ವಿಕಿರಣ ಸತ್ತಿರುವುದಿಲ್ಲ. ರೇಡಿಯಂನ ಅರ್ಧಾಯುಷ್ಯ ಸುಮಾರು 1,600 ವರ್ಷ. ಕುಂಚದ ತುದಿಯನ್ನು ತುಟಿಯಲ್ಲಿ ಚೂಪು ಮಾಡಿಕೊಂಡು ಆ ಅಂಕಿಗಳನ್ನು ಬರೆದ ಅಮೆರಿಕದ ಹೆಣ್ಣುಮಕ್ಕಳಲ್ಲಿ ಹಲವರು 1920ರ ದಶಕದಲ್ಲಿ ದವಡೆಯ ಮೂಳೆ ಕೊಳೆತು ಸತ್ತರು. ಹಳೆಯ ಗಡಿಯಾರವನ್ನು ಕೈಯಲ್ಲಿ ಹಿಡಿದಾಗ ಅದನ್ನು ಮಾಡಿದ ಕೈಗಳನ್ನೂ ನೆನೆಯಿರಿ.