ಮಾರ್ಪಡಿಸಿದ ಕಾರಿಗೆ ತಕ್ಕ ಕ್ಲಚ್

ಪುಣೆಯ ನಮ್ಮ ಬಂಧುಗಳಲ್ಲಿ ಅನೇಕರು ಊರಿಗೆ ಸ್ವಂತ ಕಾರಿನಲ್ಲಿಯೇ ಹೋಗುವವರು. ಸಾತಾರಾ ಮಾರ್ಗದ ಖಂಬಾಟಕಿ ಘಾಟಿಯನ್ನು ಏರುವಾಗ ಎಂಜಿನ್ನಿನ ಸದ್ದು ಏರುತ್ತದೆ, ವೇಗ ಮಾತ್ರ ಏರದು. ಸುಟ್ಟ ವಾಸನೆ ಮೂಗಿಗೆ ಬಡಿಯುತ್ತದೆ. ಹಿಂದೆ ಲಾರಿಗಳ ಸಾಲು, ಒಳಗೆ ಮಕ್ಕಳು ಮತ್ತು ವಯಸ್ಸಾದ ತಂದೆತಾಯಿಗಳು. ಕ್ಲಚ್ ಜಾರತೊಡಗಿದೆ ಎಂಬುದಕ್ಕೆ ಇದೇ ಲಕ್ಷಣ. ಎಂಜಿನ್ನಿನ ಬಲವನ್ನು ಹೆಚ್ಚಿಸಿಕೊಂಡ ಕಾರುಗಳಲ್ಲಿ ಈ ತೊಂದರೆ ಬೇಗನೆ ತಲೆದೋರುತ್ತದೆ. ಆಗ ಬಿಡಿಭಾಗದ ಅಂಗಡಿಯಾತನು ಎಲ್ಲಕ್ಕಿಂತ ಗಟ್ಟಿಯಾದ ಕ್ಲಚ್ಚನ್ನೇ ಹಾಕಿಸಿರೆಂದು ಸಲಹೆ ಕೊಡುವುದು ವಾಡಿಕೆ. ಅದನ್ನು ಒಪ್ಪುವ ಮುನ್ನ ಸ್ವಲ್ಪ ಲೆಕ್ಕ ಹಾಕುವುದು ಲೇಸು.

ಎಂಜಿನ್ನಿನ ಫ್ಲೈವೀಲಿಗೂ ಪ್ರೆಷರ್ ಪ್ಲೇಟಿಗೂ ನಡುವೆ ಕ್ಲಚ್ ಪ್ಲೇಟು ಅದುಮಲ್ಪಟ್ಟಿರುತ್ತದೆ. ಮೆಕ್ಯಾನಿಕರು ಟಾರ್ಕ್ ಎಂದು ಕರೆಯುವ ತಿರುಚುಬಲವನ್ನು ಅದು ಎಷ್ಟರಮಟ್ಟಿಗೆ ಜಾರದೆ ಸಾಗಿಸಬಲ್ಲದು ಎಂಬುದು ನಾಲ್ಕು ಸಂಗತಿಗಳ ಗುಣಲಬ್ಧ: ಪ್ಲೇಟಿನ ಒರಟುತನ, ಸ್ಪ್ರಿಂಗಿನ ಒತ್ತಡ, ಪ್ಲೇಟಿನ ಸರಾಸರಿ ತ್ರಿಜ್ಯ ಮತ್ತು ಉಜ್ಜುವ ಮುಖಗಳ ಸಂಖ್ಯೆ. ಒಂದೇ ಪ್ಲೇಟಿದ್ದಲ್ಲಿ ಮುಖಗಳು ಎರಡು. ತ್ರಿಜ್ಯವನ್ನು ಫ್ಲೈವೀಲೇ ನಿರ್ಧರಿಸಿಬಿಡುತ್ತದೆ. ಆದುದರಿಂದ ಸಾಮಾನ್ಯ ಗ್ರಾಹಕನ ಕೈಯಲ್ಲಿ ಉಳಿಯುವುದು ಒರಟುತನ ಮತ್ತು ಒತ್ತಡ ಮಾತ್ರ.

ಸ್ವಿಫ್ಟ್ ಡೀಸೆಲ್ ಕಾರನ್ನೇ ತೆಗೆದುಕೊಳ್ಳೋಣ. 2020ರಲ್ಲಿ ಇದರ ತಯಾರಿಕೆ ನಿಂತಿತಾದರೂ ರಸ್ತೆಗಳಲ್ಲಿ ಇವು ಇನ್ನೂ ಹೇರಳವಾಗಿವೆ. ಇದರ 1.3 ಲೀಟರಿನ ಎಂಜಿನ್ನಿನ ಮೂಲ ತಿರುಚುಬಲ 190 ನ್ಯೂಟನ್ ಮೀಟರು. ಎಂಜಿನ್ನಿನ ಕಂಪ್ಯೂಟರನ್ನು ತಿದ್ದಿಸಿದ ಬಳಿಕ ಅದು 240 ಆಯಿತೆಂದು ಭಾವಿಸಿದರೆ, ಹೆಚ್ಚಳ ಕಾಲುಭಾಗಕ್ಕಿಂತ ತುಸು ಅಧಿಕ. ತಯಾರಕರು ಮೂಲ ಕ್ಲಚ್ಚಿನಲ್ಲಿ ಇಟ್ಟಿದ್ದ ಮಾರ್ಜಿನ್ನನ್ನು ಈ ಹೆಚ್ಚಳವೇ ನುಂಗಿಹಾಕಬಹುದು. ಸಾಲ ಕೊಡುವಾಗ ನಾವು ಅಡಮಾನದ ಪೂರ್ಣ ಬೆಲೆಗೆ ಕೊಡುವುದಿಲ್ಲವಷ್ಟೆ, ಇಲ್ಲಿಯೂ ಹಾಗೆಯೇ. 240ಕ್ಕೆ ಶೇಕಡಾ 20–25 ಸೇರಿಸಿ, 290ರಿಂದ 300 ತಡೆಯುವ ಕ್ಲಚ್ ಕೇಳಿದರೆ ಸಾಕು. 450ರದು ಅನವಶ್ಯಕ ಮಾತ್ರವಲ್ಲ, ತೊಂದರೆಯೂ ಹೌದು.

ಏಕೆಂದರೆ ಸ್ಪ್ರಿಂಗಿನ ಒತ್ತಡ ಹೆಚ್ಚಿದಷ್ಟೂ ಪೆಡಲು ಭಾರವಾಗುತ್ತದೆ. ಹಡಪ್ಸರಿನ ಸಂಜೆಯ ದಟ್ಟಣೆಯಲ್ಲಿ ಎಡಗಾಲು ಎಷ್ಟು ಬಾರಿ ಕೆಳಗಿಳಿಯುತ್ತದೆ ಎಂಬುದನ್ನು ಒಮ್ಮೆ ಎಣಿಸಿ ನೋಡಿರಿ. ನಲವತ್ತು ದಾಟಿದ ಮಂಡಿ ಈ ಬಡ್ಡಿಯನ್ನು ಪ್ರತಿದಿನವೂ ಕಟ್ಟಬೇಕಾಗುತ್ತದೆ. ಮಂಡಿನೋವು ಇರುವವರು ಸಾಧಾರಣ ಒತ್ತಡದ ಸ್ಪ್ರಿಂಗಿನೊಡನೆ ಹೆಚ್ಚು ಹಿಡಿತದ ಪ್ಲೇಟನ್ನು ಆರಿಸಿಕೊಳ್ಳುವುದು ವಿಹಿತ. ಹೊಸ ಪೆಡಲನ್ನು ಒತ್ತಿ ನೋಡದೆ ಹಣ ಕೊಡಬೇಡಿರಿ.

ಪ್ಲೇಟುಗಳಲ್ಲಿಯೂ ಭೇದವುಂಟು. ಆರ್ಗ್ಯಾನಿಕ್ ಎನಿಸಿಕೊಳ್ಳುವ ಸಾಮಾನ್ಯ ಪ್ಲೇಟು ಮೃದುವಾಗಿ ಹಿಡಿಯುತ್ತದೆ. ಕೆವ್ಲಾರ್ ನಾರಿನದು ಬಹುಕಾಲ ಬಾಳುತ್ತದೆ, ಆದರೆ ಅದನ್ನು ತಾಳ್ಮೆಯಿಂದ ಪಳಗಿಸಬೇಕು. ಲೋಹ ಬೆರೆತ ಸಿರಾಮಿಕ್ ತುಂಡುಗಳ ಪ್ಲೇಟು ಬಿಸಿಯನ್ನು ಚೆನ್ನಾಗಿ ತಡೆಯುತ್ತದೆಯಾದರೂ, ಥಟ್ಟನೆ ಹಿಡಿಯುವುದರಿಂದ ಕಾರು ಜಗ್ಗಿ ಹೊರಡುತ್ತದೆ. ಪಂದ್ಯದ ಕಾರಿಗೆ ಅದು ಸರಿ, ಸಂಸಾರಸ್ಥರಿಗೆ ಸಲ್ಲದು. ಯಾವುದೇ ಆಗಲಿ, ಮಧ್ಯದಲ್ಲಿ ಸ್ಪ್ರಿಂಗುಗಳಿರುವ ಪ್ಲೇಟನ್ನೇ ಕೇಳಿರಿ; ಎಂಜಿನ್ನಿನ ಅದುರನ್ನು ಅವು ಗೇರ್ ಬಾಕ್ಸಿಗೆ ತಲುಪದಂತೆ ತಗ್ಗಿಸುತ್ತವೆ. ಕಾರಿನಲ್ಲಿ ಎರಡು ತುಂಡುಗಳ ಫ್ಲೈವೀಲಿದ್ದರೆ ಮಾತ್ರ ಆ ಕೆಲಸವನ್ನು ಅದೇ ನಿರ್ವಹಿಸುವುದರಿಂದ ವಿಚಾರ ಬೇರೆ.

ಗೇರ್ ಬಾಕ್ಸ್ ಇಳಿಸಿದಾಗಲೇ ರಿಲೀಸ್ ಬೇರಿಂಗನ್ನೂ ಬದಲಿಸಿ, ಫ್ಲೈವೀಲಿನ ಮುಖವನ್ನೂ ಎಂಜಿನ್ನಿನ ಹಿಂಬದಿಯ ಎಣ್ಣೆಸೀಲನ್ನೂ ಪರೀಕ್ಷಿಸಿಸಬೇಕು. ಎಣ್ಣೆ ಸೋರಿದರೆ ಎಂಥ ಕ್ಲಚ್ಚೂ ಜಾರುತ್ತದೆ. ಹಳೆಯ ಕಾರುಗಳ ಪ್ಲೇಟಿನಲ್ಲಿ ಶ್ವಾಸಕೋಶಕ್ಕೆ ಹಾನಿಕರವಾದ ಆಸ್ಬೆಸ್ಟಾಸ್ ಇರುತ್ತಿತ್ತು. ಆ ಧೂಳನ್ನು ಗಾಳಿಯೂದಿ ಹಾರಿಸಲು ಬಿಡದೆ ಒದ್ದೆಬಟ್ಟೆಯಿಂದ ಒರೆಸಲು ಹೇಳಿರಿ. ಎಂಜಿನ್ನಿನ ಮಾರ್ಪಾಡನ್ನು ವಿಮಾ ಕಂಪನಿಗೆ ಲಿಖಿತವಾಗಿ ತಿಳಿಸದೆ ಇದ್ದರೆ, ಅಪಘಾತದ ಪರಿಹಾರದ ಹೊತ್ತಿಗೆ ತಕರಾರು ಹುಟ್ಟುವ ಸಂಭವವಿದೆ.

ಹೊಸ ಪ್ಲೇಟು ಸರಿಯಾಗಿ ಕೂರಲು ಸುಮಾರು 800 ಕಿಲೋಮೀಟರುಗಳ ನಗರದ ಓಡಾಟ ಬೇಕು. ಅಲ್ಲಿಯವರೆಗೆ ಪೂರ್ಣ ಬಲ ಹಾಕಬಾರದು. ದೀಪಾವಳಿಗೆ ಊರಿಗೆ ಹೊರಡುವವರು ಈ ಕೆಲಸವನ್ನು ಗಣೇಶ ಚೌತಿಯ ಸುಮಾರಿಗೇ ಮುಗಿಸಿಕೊಳ್ಳುವುದು ಅನುಕೂಲ.